ಹೆಡ್ ವಾರ್ಡರ ಮನೆಯಿಂದ ಪರಾರಿ

ಹೆಡ್ ವಾರ್ಡರು ಮೂವತ್ತೊಂದು ವರ್ಷ ಜೈಲಿನಲ್ಲಿದ್ದು ಬಂದವರು. (ಗಾಬರಿಯಾಗಬೇಡಿ, ಬೀಗದ ಕೈ ಅವರ ಸೊಂಟದಲ್ಲೇ ಇತ್ತು.) ಅಷ್ಟು ವರ್ಷಗಳಲ್ಲಿ ಅವರ ಕಣ್ಣು ತಪ್ಪಿಸಿ ಒಬ್ಬನೇ ಒಬ್ಬ ಕೈದಿ ಓಡಿಹೋದದ್ದಿಲ್ಲ. ನಿವೃತ್ತರಾದ ಮೇಲೆ ಈ ದಾಖಲೆಯನ್ನು ಅವರು ಹಾಲಿನವನಿಗೆ ಹೇಳಿದರು, ಕ್ಷೌರದವನಿಗೆ ಹೇಳಿದರು, ಬಾಯಿ ಅಗಲಿಸಿಕೊಂಡು ಮಲಗಿದ್ದಾಗಲೇ ಹಲ್ಲಿನ ಡಾಕ್ಟರಿಗೂ ಹೇಳಿದರು.

ಇಂಥ ಮಹಾಪುರುಷರ ಮನೆಯಲ್ಲಿ ಹೆಂಡತಿಗೂ, ಹೆಂಡತಿಯ ತಾಯಿಗೂ, ಜೈಲಿನ ಹೊಡೆದಾಟದ ಸಿನಿಮಾ ಎಂದರೆ ಪಂಚಪ್ರಾಣ. ನಾಯಕ ಸರಪಳಿ ಕಿತ್ತೆಸೆದು ನಾಲ್ಕು ಜನ ವಾರ್ಡರನ್ನು ಗೋಡೆಯಾಚೆ ತೂರಿದರೆ ಇಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು. ಹೆಡ್ ವಾರ್ಡರಿಗೆ ಅದು ತಮ್ಮನ್ನೇ ತೂರಿದ ಹಾಗಾಗುತ್ತಿತ್ತು.

"ನಿಲ್ಲಿಸು, ನಿಲ್ಲಿಸು! ಜೈಲಿನ ಕೋಣೆ ಬಾಗಿಲು ಒಳಕ್ಕೆ ತೆರ್ಕೊಳ್ಳೋದನ್ನ ಎಲ್ಲಾದ್ರೂ ಕಂಡಿದ್ದೀಯಾ?"

"ರೀ, ಅಲ್ಲಿ ಅವನ ತಮ್ಮ ಸಾಯ್ತಿದ್ದಾನೆ!"

"ಸಾಯ್ಲಿ. ಬಾಗಿಲು ತಪ್ಪು."

ಕಳೆದ ಭಾನುವಾರವಂತೂ, ಕೊನೆಯ ಹೊಡೆದಾಟ ಶುರುವಾಗುವ ಹೊತ್ತಿಗೆ ಅವರು ಟಿವಿಯ ಸದ್ದು ಅಡಗಿಸಿ, ಸಂಜೆ ಕೈದಿಗಳ ತಲೆ ಎಣಿಸುವ ಕ್ರಮವನ್ನು ಸವಿಸ್ತಾರವಾಗಿ ವಿವರಿಸಿದರು. ವಿವರಣೆ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಸೋಪಿನ ಜಾಹೀರಾತು ಬರುತ್ತಿತ್ತು. ಹೆಂಡತಿ ಎರಡು ದಿನ ತುಟಿ ಪಿಟಕ್ಕೆನ್ನಲಿಲ್ಲ.

ಮೂರನೆಯ ದಿನ ಮಾತಾಡಿದಳು, ಅದೂ ಬೆಲ್ಲದಂತೆ. "ರೀ, ಇನ್ನೊಂದು ಲೋಟ ಕಾಫಿ ಕೊಡ್ಲಾ?"

ಅತ್ತೆಯವರು ದನಿಗೂಡಿಸಿದರು: "ಆ ಸಿನಿಮಾ ಬಗ್ಗೆ ಅಳಿಯಂದ್ರು ಹೇಳೋದ್ರಲ್ಲಿ ಅರ್ಥ ಇದೆ ಕಣೇ."

ಹೆಡ್ ವಾರ್ಡರ ಕಿವಿ ನಿಮಿರಿತು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಅಳಿಯನ ಮಾತಿನಲ್ಲಿ ಅತ್ತೆಗೆ ಅರ್ಥ ಸಿಕ್ಕಿದ್ದು ಇದೇ ಮೊದಲು. ಕೈದಿಯೊಬ್ಬ ಹೇಳದೆಯೇ ತಟ್ಟೆ ತಿಕ್ಕಿಟ್ಟು, ಕೇಳದೆಯೇ ಸಲಾಂ ಹೊಡೆಯತೊಡಗಿದರೆ ಒಂದೋ ಅವನ ಬಿಡುಗಡೆ ಹತ್ತಿರ ಬಂದಿರುತ್ತದೆ, ಇಲ್ಲವೇ ಎಲ್ಲೋ ಸುರಂಗ ತೋಡುತ್ತಿರುತ್ತಾನೆ ಎಂದು ಅವರ ಅನುಭವ ಹೇಳುತ್ತಿತ್ತು. ಹೆಂಡತಿಗೆ ಬಿಡುಗಡೆ ಎಂಬುದು ಇರಲಿಲ್ಲ. ಅಂದರೆ ಸುರಂಗ!

ಅಂದಿನಿಂದ ಗಸ್ತು ಆರಂಭವಾಯಿತು. ಅಡುಗೆಮನೆಯಲ್ಲಿ ತಾಯಿ ಮಗಳ ಗುಸುಗುಸು, ಇವರು ಹೊಸಿಲು ದಾಟಿದ ಕೂಡಲೇ ಬದನೆಕಾಯಿಯ ಹುಳುಕಿನ ಕಡೆಗೆ ಹೊರಳುತ್ತಿತ್ತು. ಶುಕ್ರವಾರ ಅತ್ತೆಯವರು ಸ್ನಾನಕ್ಕೆ ಹೋದಾಗ ಹೆಡ್ ವಾರ್ಡರು ಅವರ ಮಂಚದಡಿ ತಪಾಸಣೆ ನಡೆಸಿದರು. ಕಾನೂನಿನ ಪ್ರಕಾರ ತಪ್ಪೇನಿರಲಿಲ್ಲ, ಮಾನದ ಪ್ರಕಾರ ಇತ್ತು. ಸಿಕ್ಕಿದ್ದು ಒಂದು ಕೈಚೀಲ: ಶಾಲು, ದೂರ ನೋಡುವ ಕನ್ನಡಕ, ನೀರಿನ ಬಾಟಲಿ, ಬೆನ್ನಿಗೆ ಒರಗಿಸಿಕೊಳ್ಳುವ ಪುಟ್ಟ ದಿಂಬು. ದಿಂಬು ಅಂದರೆ ತುಂಬಾ ಹೊತ್ತು ಕೂರುವುದು. ತುಂಬಾ ಹೊತ್ತು ಕೂರುವುದು ಅಂದರೆ ರೈಲು. ರೈಲು ಅಂದರೆ ಭಾವಮೈದುನನ ಊರು!

ಆ ಎರಡು ದಿನದ ಮೌನ ನೆನಪಾಯಿತು. ಬಿಟ್ಟು ಹೋಗುತ್ತಾಳೆ. ದಾಖಲೆ ಹಾಳಾಗಲಿ, ಅವಳಿಲ್ಲದ ಮನೆಯಲ್ಲಿ ತಾವು ಯಾರಿಗೆ ತಾನೇ ತಪ್ಪು ತೋರಿಸಬೇಕು ಎಂದುಕೊಳ್ಳುತ್ತ ಕೈಚೀಲವನ್ನು ಇದ್ದ ಹಾಗೆಯೇ ಮಂಚದಡಿಗೆ ತಳ್ಳಿದರು.

"ಏನು, ಎಲ್ಲಿಗಾದ್ರೂ ಹೊರಟಿದ್ದೀರಾ?" ಎಂದು ರಾತ್ರಿ ಊಟದ ಹೊತ್ತಿಗೆ ಸಹಜವಾಗಿ ಕೇಳಲು ನೋಡಿದರು.

"ನಿಮ್ಮನ್ನ ಬಿಟ್ಟು ಎಲ್ಲಿಗ್ರೀ ಹೋಗೋಣ?" ಉತ್ತರ ಪ್ರಶ್ನೆಗಿಂತ ಮುಂಚೆಯೇ ಬಂದಂತಿತ್ತು. ಅದನ್ನೂ ಅವರು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

ಶನಿವಾರ ಮಧ್ಯಾಹ್ನ ಹೆಂಡತಿ ಬೇಡಬೇಡವೆಂದರೂ ಎರಡು ಸಲ ಬಡಿಸಿದಳು. ತಾನೇ ಹಾಸಿಗೆ ಹಾಸಿದಳು, ಪರದೆ ಎಳೆದಳು, ಫ್ಯಾನು ಹಾಕಿದಳು. ಹೆಡ್ ವಾರ್ಡರು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ಕಳ್ಳಗೊರಕೆ ಹೊಡೆಯತೊಡಗಿದರು.

"ಮಲಗಿದ್ರಾ?" ಬಾಗಿಲಲ್ಲಿ ಅತ್ತೆಯ ಪಿಸುದನಿ.

"ಗೊರಕೆ ಶುರುವಾಯ್ತು. ಇನ್ನು ನಾಲ್ಕು ಗಂಟೆವರೆಗೂ ಭಯ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡ್ಕೋಮ್ಮ."

ಹೊರಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ನೂರು ಎಣಿಸಿ ಹೆಡ್ ವಾರ್ಡರೂ ಹೊರಬಿದ್ದರು. ಬೀದಿಯುದ್ದಕ್ಕೂ ವಿದ್ಯುತ್ ಕಂಬಗಳ ಮರೆಯಲ್ಲಿ ನಿಂತು ನಿಂತು ಹಿಂಬಾಲಿಸಿದರು. (ಕಂಬದ ಎರಡೂ ಪಕ್ಕಕ್ಕೆ ಅವರ ಹೊಟ್ಟೆ ಕಾಣುತ್ತಿತ್ತೆಂಬುದು ಬೇರೆ ವಿಷಯ.) ಮನೆಯಲ್ಲಿ ಕುರ್ಚಿಯಿಂದ ಏಳಲು ಒಬ್ಬರ ಆಸರೆ ಬೇಡುವ ಅತ್ತೆಯವರು ಎರಡು ಲಾರಿಗಳ ನಡುವೆ ನುಸುಳಿ ರಸ್ತೆ ದಾಟಿದ್ದನ್ನು ಕಣ್ಣಾರೆ ಕಂಡರು.

ರೈಲು ನಿಲ್ದಾಣದ ತಿರುವು ಬಂತು. ತಾಯಿ ಮಗಳು ತಿರುಗಲಿಲ್ಲ. ನೇರ ನಡೆದು ಚಿತ್ರಮಂದಿರದೊಳಗೆ ಹೊಕ್ಕರು. ಬಾಗಿಲ ಮೇಲೆ ಭಾರಿ ಚಿತ್ರ: ಕಬ್ಬಿಣದ ಸರಳುಗಳನ್ನು ನೂಲಿನಂತೆ ತಿರುಚುತ್ತಿರುವ ನಾಯಕ, ಕಾಲಡಿಯಲ್ಲಿ ಒಬ್ಬ ವಾರ್ಡರು.

ಸದ್ಯ, ಬಿಟ್ಟು ಹೋಗುತ್ತಿಲ್ಲ! ಹೆಡ್ ವಾರ್ಡರಿಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಸಿಟ್ಟೂ ಬಂತು. ಜೈಲಿನ ವಿಷಯ ತಿಳಿದವನು ಮನೆಯಲ್ಲಿ ತಾನೊಬ್ಬನೇ, ತನ್ನನ್ನೇ ಮಲಗಿಸಿ ಬರುವುದೇ? ಕೊನೆಯವರೆಗೂ ಬಾಯಿ ಬಿಡದೆ ಕೂತು, ಹೊರಗೆ ಬರುವಾಗ ರೆಡ್‌ಹ್ಯಾಂಡಾಗಿ ಹಿಡಿಯಬೇಕೆಂದು ನಿರ್ಧರಿಸಿ, ಟಿಕೆಟ್ ಕೊಂಡು ಕತ್ತಲಲ್ಲಿ ಅವರಿಬ್ಬರಿಗಿಂತ ಎರಡು ಸಾಲು ಮುಂದೆ, ಓರೆಯಾಗಿ ಕುಳಿತರು.

ಸಿನಿಮಾದ ವಾರ್ಡರ ಸಮವಸ್ತ್ರದ ಗುಂಡಿ ತಪ್ಪಿತ್ತು, ನುಂಗಿಕೊಂಡರು. ಬೀಗದ ಕೈಗಳು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದವು, ಕರ್ಚೀಫು ಕಚ್ಚಿ ಹಿಡಿದರು. ಕದ್ದು ಹಿಂತಿರುಗಿ ನೋಡಿದರೆ ಹೆಂಡತಿ ತಾಯಿಯ ತೋಳು ಹಿಡಿದುಕೊಂಡು ಚಿಕ್ಕ ಹುಡುಗಿಯಂತೆ ಕುಣಿಯುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ಕಂಡು ಎಷ್ಟು ವರ್ಷವಾಯಿತೋ ಎನ್ನಿಸಿತು. ಎದ್ದು ತೆಪ್ಪಗೆ ಮನೆಗೆ ಹೋಗಿಬಿಡಲೇ ಎಂದೂ ಒಂದು ಕ್ಷಣ ಯೋಚಿಸಿದರು. ಹೋಗಿದ್ದರೆ ಚೆನ್ನಾಗಿತ್ತು.

ಆಗಲೇ ಪರದೆಯ ಮೇಲೆ ಸಂಜೆಯ ಎಣಿಕೆ ಬಂತು. ನಾಯಕ ಸುರಂಗದಲ್ಲಿ ಉಸಿರುಗಟ್ಟಿ ತೆವಳುತ್ತಿದ್ದಾನೆ. ಇತ್ತ ಅವನ ಹಾಸಿಗೆಯ ಮೇಲೆ ಹೊದಿಕೆಯಡಿ ಬರೀ ದಿಂಬು. ವಾರ್ಡರ್ ದೂರದಿಂದಲೇ ಬೆರಳು ತೋರಿಸಿ ಎಣಿಸಿ ಮುಂದೆ ನಡೆದೇಬಿಟ್ಟ.

"ಏಯ್! ಹೊದಿಕೆ ತೆಗೆದು ಮುಖ ನೋಡಯ್ಯಾ!" ಹೆಡ್ ವಾರ್ಡರು ಎದ್ದು ನಿಂತು ಗರ್ಜಿಸಿದರು. "ಮುಖ ನೋಡದೆ ಎಣಿಸೋನಿಗೆ ಕೆಲಸ ಕೊಟ್ಟೋರು ಯಾರು?"

ಶಿಳ್ಳೆ, ಬೈಗುಳ, "ಕೂತ್ಕೊಳ್ರೀ" ಎಂಬ ಕೂಗು. ಗೇಟಿನವನು ಟಾರ್ಚು ಹಿಡಿದು ಓಡಿಬಂದ.

"ಯಜಮಾನ್ರೇ, ಹೊರಗೆ ನಡೀರಿ."

"ನನ್ನ ಹೆಂಡ್ತಿ ಅಲ್ಲೇ ಕೂತಿದ್ದಾಳೆ! ಬೇಕಾದ್ರೆ ಕೇಳು!"

ಟಾರ್ಚಿನ ಬೆಳಕು ಎರಡು ಸಾಲು ಹಿಂದಕ್ಕೆ ಹರಿಯಿತು. "ಅಮ್ಮಾ, ಇವ್ರು ನಿಮ್ಮೋರಂತೆ?"

ಹೆಂಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿದಳು.

"ನಮ್ಮೋರು ಮನೇಲಿ ಮಲಗಿದ್ದಾರಪ್ಪ. ನಾನೇ ನೋಡ್ಕೊಂಡು ಬಂದಿದ್ದೀನಿ."

"ಬೇಗ ಕರ್ಕೊಂಡು ಹೋಗಪ್ಪ," ಎಂದರು ಅತ್ತೆಯವರು, ಕುತ್ತಿಗೆ ಚಾಚುತ್ತ. "ತಲೆ ಅಡ್ಡ ಬರ್ತಿದೆ, ಸುರಂಗ ಕಾಣ್ತಿಲ್ಲ."

ಗೇಟಿನವನು ಹೆಡ್ ವಾರ್ಡರ ಮೊಣಕೈಯ ಮೇಲ್ಭಾಗವನ್ನು ಹಿಂದಿನಿಂದ ಭದ್ರವಾಗಿ ಹಿಡಿದು ಬಾಗಿಲ ಕಡೆಗೆ ನಡೆಸಿದ. ದಾರಿಯುದ್ದಕ್ಕೂ ಅವರು ಪರೀಕ್ಷಿಸಿ ನೋಡಿದರು, ಆ ಹಿಡಿತದಲ್ಲಿ ಮಾತ್ರ ಒಂದೇ ಒಂದು ತಪ್ಪೂ ಸಿಗಲಿಲ್ಲ.