ನಿಂಗಕ್ಕನ ಕತೆಗೆ ಬಳಗದ ಮಾರ್ಗದರ್ಶನ

ಕತೆ ಬರೆದು ಸುಮ್ಮನಿರದೆ ಎರ್ರಿಸ್ವಾಮಿ ಹೊಳಲ್ಕೆರೆಯ ಬರಹಗಾರರ ಬಳಗಕ್ಕೆ ಸೇರಿಬಿಟ್ಟ. ೧೯೯೮ರ ಮಾತು. “ಒಂಟಿಯಾಗಿ ಬರೆಯೋನು ಒಂಟೆತ್ತಿನ ಗಾಡಿ ಕಣಪ್ಪ” ಎಂದು ಅಧ್ಯಕ್ಷ ಗುರುರಾಜ್ ಮೇಷ್ಟ್ರು ಹೇಳಿದ್ದನ್ನು ಅವನು ನಂಬಿದ್ದ. ಬಳಗದಲ್ಲಿ ಕತೆ ಬರೆದವರು ಯಾರೂ ಇರಲಿಲ್ಲ, ತಿದ್ದುವವರೇ ಎಲ್ಲ.

ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಮಂಡಕ್ಕಿ ಮಾರಿ ತನ್ನನ್ನು ಓದಿಸಿದ ತಾಯಿ ನಿಂಗಕ್ಕನ ಬಗ್ಗೆ ಅವನು ಬರೆದಿದ್ದ. ಒಂದು ಭಾನುವಾರ ಸಂಜೆ ಚಿತ್ರದುರ್ಗದ ಪತ್ರಿಕೆಯೊಂದರ ಸಂಪಾದಕರೆದುರು ಅದನ್ನು ಓದಬೇಕಿತ್ತು. ಬೆಳಿಗ್ಗೆಯೇ ಬಳಗ ಸೇರಿ, ಹೆಣ್ಣು ನೋಡಲು ಬಂದವರ ಹಾಗೆ ಕತೆಯನ್ನು ಕೂರಿಸಿ, ನಿಲ್ಲಿಸಿ, ನಡೆಸಿ ನೋಡಿತು.

“ಮಂಡಕ್ಕಿ ಬ್ಯಾಡ, ಚೀಪಾಗ್ತೈತೆ. ದಾಳಿಂಬೆ ಮಾರ್ಲಿ,” ಎಂದರು ಬಟ್ಟೆ ಅಂಗಡಿಯ ಕವಿ ತಿಪ್ಪಯ್ಯ.

“ಕೊನೇಲಿ ಅವ್ವ ರೈಲಿಗೆ ಸಿಕ್ಕಿ ಸಾಯ್ಬೇಕು. ಇಲ್ದಿದ್ರೆ ಓದೋರಿಗೆ ಕಣ್ಣೀರು ಎಲ್ಲಿಂದ ಬರ್ಬೇಕು?” ಎಂದರು ಅನುಸೂಯಮ್ಮ. ಅವರು ವರ್ಷಗಳಿಂದ ತಮ್ಮ ಕಾದಂಬರಿಯ ಮುನ್ನುಡಿಯನ್ನಷ್ಟೇ ಬರೆಯುತ್ತಿದ್ದರು.

“ಮೇಡಂ, ನಮ್ಮವ್ವ ಮನ್ಯಾಗೆ ಗಟ್ಟಿಮುಟ್ಟಾಗಿ ಅವ್ಳೆ!”

“ಮನ್ಯಾಗಿರ್ಲಿ ಬಿಡ್ರಿ. ಕತೇಲಿ ಯಾಕೆ?”

“ಸಮಾಜಕ್ಕೆ ಸಂದೇಶ ಎಲ್ಲೈತಪ್ಪ?” ಎಂದು ಗದರಿದ ಮೇಷ್ಟ್ರು, ರೈಲು ಬರುವ ಮೊದಲು ಕತೆಯ ನಿಂಗಕ್ಕನಿಂದ ವರದಕ್ಷಿಣೆಯ ವಿರುದ್ಧ ಭಾಷಣ ಮಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ನಿಂಗಕ್ಕ ದಾಳಿಂಬೆ ಮಾರಿ, ಭಾಷಣ ಬಿಗಿದು, ಹಳಿಯ ಮೇಲೆ ಸತ್ತಿದ್ದಳು.

ಊಟಕ್ಕೆ ಹೋದಾಗ ಜೀವಂತ ನಿಂಗಕ್ಕ ಮುದ್ದೆ ಬಡಿಸುತ್ತ, “ನನ್ ಕತೆ ಚೆನ್ನಾಗ್ ಬಂದೈತೇನ್ಲಾ?” ಎಂದಳು. ಎರ್ರಿಸ್ವಾಮಿ ತಲೆ ಬಗ್ಗಿಸಿ ಇನ್ನೊಂದು ತುತ್ತು ಮುದ್ದೆ ಮುರಿದ.

ಸಂಜೆ ಅವನು ತಿದ್ದಿದ ಪ್ರತಿಯನ್ನು ಜೇಬಿನಲ್ಲೇ ಬಿಟ್ಟು ತಾನು ಮೊದಲು ಬರೆದದ್ದನ್ನೇ ಓದತೊಡಗಿದ. ತಿಪ್ಪಯ್ಯ ಕೆಮ್ಮಿದರು. ಅನುಸೂಯಮ್ಮ ಕಣ್ಣು ಕೆಕ್ಕರಿಸಿದರು. ಮೇಷ್ಟ್ರು ಹಿಂದಿನಿಂದ ಅಂಗಿ ಜಗ್ಗಿದರು. ಅವನು ನಿಲ್ಲಿಸಲಿಲ್ಲ. ಓದು ಮುಗಿದಾಗ ಸಂಪಾದಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಇಂಥ ಕತೆ ಕೇಳಿ ಎಷ್ಟು ಕಾಲ ಆಗಿತ್ತು! ಆದ್ರೆ ಈ ಹುಡುಗ ಒಬ್ನೇ ಕುಂತು ಬರೆಯೋಕೆ ಸಾಧ್ಯಾನೇ ಇಲ್ಲ. ಹಿಂದೆ ತಿದ್ದೋ ಕೈಗಳು ಅವೆ, ಗೊತ್ತಾಗ್ತೈತೆ.”

ಹಾಗೆಂದವರೇ ತಮಗೆ ಹೊದಿಸಿದ್ದ ಶಾಲು ತೆಗೆದು ಮೇಷ್ಟ್ರಿಗೆ ಹೊದಿಸಿದರು. ಹಾರ ತಿಪ್ಪಯ್ಯನವರ ಕೊರಳಿಗೆ, ಹಣ್ಣಿನ ಬುಟ್ಟಿ ಅನುಸೂಯಮ್ಮನವರ ಮಡಿಲಿಗೆ ಹೋಯಿತು.

“ಬೆಳಗ್ಗಿಂದ ಮೂರೂ ಜನ ಒದ್ದಾಡೀವಿ ಸಾರ್,” ಎಂದರು ಮೇಷ್ಟ್ರು, ಶಾಲಿನ ಜರಿ ಮೇಲೆ ಮಾಡಿಕೊಳ್ಳುತ್ತ.

ಎರ್ರಿಸ್ವಾಮಿ ಬಾಯಿ ತೆರೆದ. ಮೇಷ್ಟ್ರು ಮೈಕನ್ನು ಅವನ ಕೈಗೇ ತುರುಕಿದರು.

“ಬಾರಪ್ಪ, ವಂದನಾರ್ಪಣೆ ನಿಂದೇ. ಬಳಗದೋರ ಹೆಸ್ರು ಒಂದೂ ಬಿಡಬ್ಯಾಡ.”