ಸಿಪ್ಪೆ ಸಮೇತ

ಪ್ರೆಸ್ಸಿನಲ್ಲಿ ಕರಡು ತಿದ್ದುವ ಆ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರು ಅಲ್ಪವಿರಾಮ. ಹನ್ನೊಂದು ವರ್ಷದಿಂದ ಅವನು ಕಂಡವರ ವಾಕ್ಯಗಳಿಗೆಲ್ಲ ಕೆಂಪು ಶಾಯಿಯಲ್ಲಿ ಚಿಹ್ನೆ ಹಾಕುತ್ತ ಬಂದಿದ್ದ. ತಾನು ಮಾತಿಗೆ ಕೂತರೆ ಮಾತ್ರ ನಿಲ್ಲಿಸುತ್ತಿರಲಿಲ್ಲ, ಉಸಿರು ಎಳೆದುಕೊಂಡು ಮುಂದುವರಿಸುತ್ತಿದ್ದ. ಪಕ್ಕದ ಮೇಜಿನವನು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವನ ಹೆಸರು ಪೂರ್ಣವಿರಾಮ.

ಆ ವಾರ ಮುಖ್ಯ ತಿದ್ದುಗಾರರು ನಿವೃತ್ತರಾಗಿ, ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿಯಾಗಿತ್ತು. ಇಬ್ಬರು ವಿರಾಮಗಳಲ್ಲಿ ಒಬ್ಬರಿಗೆ ಅದು ಸಿಗಬೇಕು. ಮೆಷಿನ್ನಿನ ಪಕ್ಕದಲ್ಲಿ ಕೂತು ಕೂತು ಎಡಗಿವಿ ಮಂದವಾಗಿದ್ದ ಅಲ್ಪವಿರಾಮನಿಗೆ ಆ ಕುರ್ಚಿಯ ಮೇಲೆ ಜೀವ.

ಎಲ್ಲ ಹಾಳಾದದ್ದು ಅವನ ನಾಲಿಗೆಯಿಂದ. ಭಾನುವಾರ ಹೆಂಡತಿ ಕಿತ್ತಳೆ, ನಿಂಬೆ, ಪುದೀನ ತುಂಬಿ ಇಡೀ ಕೋಳಿಯನ್ನು ಓವನ್ನಿನಲ್ಲಿ ಸುಡುತ್ತಿದ್ದಳು. ಉಳಿದದ್ದು ಸೋಮವಾರ ಡಬ್ಬಿಯಲ್ಲಿ ಪ್ರೆಸ್ಸಿಗೆ ಹೋಗಿ, ಒಂದು ತುಂಡು ಮ್ಯಾನೇಜರ ತಟ್ಟೆಗೂ ಬೀಳುತ್ತಿತ್ತು. "ಯಾರು ಮಾಡಿದ್ದು?" ಎಂದು ಅವರು ಕೇಳಿದ ದಿನ ಅಲ್ಪವಿರಾಮ ಯೋಚಿಸದೆ, "ನಾನೇ ಸಾರ್, ಭಾನುವಾರ ಅಡುಗೆಮನೆ ನಂದೇ" ಎಂದುಬಿಟ್ಟಿದ್ದ.

"ಹಾಗಾದ್ರೆ ಈ ಭಾನುವಾರ ಒಂದು ಗಂಟೆಗೆ ನಿಮ್ಮನೇಲೇ ಊಟ. ಕುರ್ಚಿ ವಿಷಯಾನೂ ಮಾತಾಡೋಣ," ಎಂದರು ಮ್ಯಾನೇಜರು.

ಹೆಂಡತಿಗೆ ಅಂದು ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ. "ಬಾಯಿ ಹೇಳಿದ್ದನ್ನ ಕೈ ಮಾಡ್ಲಿ, ನನಗೇನು," ಎಂದು ಅವಳು ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋದಳು. ಚೀಟಿಯಲ್ಲಿ ಹೀಗಿತ್ತು:

"ಕೋಳಿಗೆ ಉಪ್ಪು ಮೆಣಸು ಬೆಣ್ಣೆ ಹಚ್ಚಿ ಎರಡು ಕಿತ್ತಳೆ ಎರಡು ನಿಂಬೆ ಸಿಪ್ಪೆ ಸಮೇತ ಹೆಚ್ಚಿ ಒಂದು ಕಟ್ಟು ಪುದೀನದ ಜೊತೆ ಹೊಟ್ಟೆಗೆ ಹಾಕಿ ಕಾಲು ಕಟ್ಟಿ ಓವನ್ನಿನಲ್ಲಿ ಒಂದೂವರೆ ಗಂಟೆ ಇಡಿ"

ಒಂದೇ ಒಂದು ಚಿಹ್ನೆ ಇಲ್ಲ. ಅಲ್ಪವಿರಾಮನ ಕೈ ತಾನಾಗಿ ಜೇಬಿಗೆ ಹೋಗಿ ಕೆಂಪು ಪೆನ್ನು ತೆಗೆಯಿತು. ಬೇಕಾದ ಕಡೆ ನಾಲ್ಕು ಅಲ್ಪವಿರಾಮ ಇಟ್ಟ. 'ಬೆಣ್ಣೆ ಹಚ್ಚಿ' ಎಂಬಲ್ಲಿ ಕೋಳಿಯ ಮಾತು ಮುಗಿಯಿತೆಂದು ತೀರ್ಮಾನಿಸಿ ಒಂದು ಪೂರ್ಣವಿರಾಮ ಹಾಕಿದ. 'ಹೊಟ್ಟೆಗೆ ಹಾಕಿ' ಎಂಬಲ್ಲಿ ಇನ್ನೊಂದು. ನಡುವೆ ಉಳಿದ ವಾಕ್ಯವನ್ನು ಓದಿಕೊಂಡಾಗ ಅವನ ಮನಸ್ಸು ತುಂಬಿ ಬಂತು. ಸಿಟ್ಟಿನಲ್ಲಿ ಹೋದರೂ ಗಂಡನ ಹೊಟ್ಟೆಯ ಯೋಚನೆ ಬಿಟ್ಟಿಲ್ಲವಲ್ಲ. ಒಲೆಯ ಕಾವಿಗೆ ನಿಲ್ಲುವ ಮೊದಲು ಹಣ್ಣು ತಿಂದು ತಂಪಾಗಿರಲಿ ಎಂದಿದ್ದಾಳೆ.

ಕಿತ್ತಳೆ ಹೇಗೋ ಇಳಿಯಿತು. ಸಿಪ್ಪೆಯನ್ನು ಚಪ್ಪಲಿಯಂತೆ ಅಗಿಯಬೇಕಾಯಿತು. ಮೊದಲ ನಿಂಬೆ ಮುಗಿಯುವಾಗ ಹಲ್ಲೆಲ್ಲ ಜುಮ್ಮೆಂದು, ಎಡಗಣ್ಣು ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಎರಡನೆಯದನ್ನೂ ನುಂಗಿ ಪುದೀನ ಬಾಯಿಗಿಡುವಷ್ಟರಲ್ಲಿ ಎದುರು ಮನೆಯ ಟೇಲರು ಪೇಪರು ಕೇಳಲು ಬಂದ.

"ಏನ್ರೀ ಇದು, ಮೇಕೆ ಥರ ಸೊಪ್ಪು ಮೇಯ್ತಾ ಇದ್ದೀರಾ?"

ಅಲ್ಪವಿರಾಮ ಮಾತಾಡಲಾರದೆ ಚೀಟಿ ತೋರಿಸಿದ. ಟೇಲರು ಗಟ್ಟಿಯಾಗಿ ಓದಿದ. "ಸರಿಯಾಗೇ ಇದೆಯಲ್ಲ. ನಮ್ಮ ಮನೆಯವಳೂ ಅಷ್ಟೇ, ಮೊದಲು ಹೊಟ್ಟೆಗೆ ಏನಾದ್ರೂ ಹಾಕಿ ಅಂತಾಳೆ. ಅರ್ಧಕ್ಕೆ ಬಿಡಬೇಡಿ, ಗುಣ ಹೋಗುತ್ತೆ. ಇನ್ನೊಂದು ಕಿತ್ತಳೆ ಬೇಕಾದ್ರೆ ನಾನು ತಿಂತೀನಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವನದು. ತನ್ನ ಕಿತ್ತಳೆಯನ್ನು ಸಿಪ್ಪೆ ಸುಲಿದೇ ತಿಂದ. 'ಕಾಲು ಕಟ್ಟಿ' ಎಂಬಲ್ಲಿ ಇಬ್ಬರಿಗೂ ಸ್ವಲ್ಪ ಅನುಮಾನ ಬಂತು. ಹಣ್ಣು ತಿಂದವನ ಕಾಲೋ, ಕೋಳಿಯ ಕಾಲೋ? ಕೊನೆಗೆ ಓವನ್ನಿಗೆ ಹೋಗುವವರ ಕಾಲೇ ಇರಬೇಕೆಂದು ಒಪ್ಪಿಕೊಂಡು, ಟೇಲರು ಮನೆಯಿಂದ ದಾರ ತಂದು ಕೋಟಿನ ಗುಂಡಿ ಹೊಲಿದಷ್ಟು ಭದ್ರವಾಗಿ ಕಟ್ಟಿದ. ಖಾಲಿ ಹೊಟ್ಟೆಯ ಕೋಳಿ ಹನ್ನೊಂದು ಗಂಟೆಗೆ ಓವನ್ನಿಗೆ ಹೋಯಿತು.

ಹನ್ನೆರಡೂವರೆಗೆ ಅದು ಕೆಂಪಗೆ ಹೊರಬಂದಾಗ, ವಾಸನೆ ಹಿಡಿದು ಮಹಡಿಯ ರಿಟೈರ್ಡ್ ಟೀಚರಮ್ಮ ಇಳಿದು ಬಂದರು. ಅವರಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ. ಚೀಟಿ ಓದಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ಈ ಚುಕ್ಕೆ ಯಾರಪ್ಪಾ ಇಟ್ಟಿದ್ದು?"

"ನಾನೇ ಮೇಡಂ."

"ಹೊಟ್ಟೆ ಅಂದ್ರೆ ಕೋಳಿ ಹೊಟ್ಟೆ ಕಣಪ್ಪ. ನಿನ್ನದಲ್ಲ."

ಟೇಲರು ಮೆಲ್ಲಗೆ ಬಾಯಿ ಒರೆಸಿಕೊಂಡ. ಅಲ್ಪವಿರಾಮ ಸ್ಟೂಲಿನ ಮೇಲೆ ಕುಸಿದ. ಮನೆಯಲ್ಲಿ ಇನ್ನೊಂದು ನಿಂಬೆಯಿಲ್ಲ, ಎಸಳು ಪುದೀನವಿಲ್ಲ. ಕಿಟಕಿ ಪಕ್ಕದ ಕುರ್ಚಿ ಕಣ್ಣೆದುರೇ ದೂರ ಹೋಗುತ್ತಿತ್ತು, ಅವನಿಗೆ ನಿಜವಾಗಿ ಅಳು ಬಂತು. ಅಷ್ಟರಲ್ಲಿ ಕಾಲಿಂಗ್ ಬೆಲ್ಲು ಹೊಡೆಯಿತು. ಅವನು ಚೀಟಿಯನ್ನು ಕಿತ್ತು ಜೇಬಿಗೆ ತುರುಕಿದ.

ಮ್ಯಾನೇಜರು ಊಟಕ್ಕೆ ಕೂತರು. ಕರೆಯದಿದ್ದರೂ ಟೇಲರೂ ಟೀಚರಮ್ಮನೂ ಕೂತರು. ಮೊದಲ ತುತ್ತು ತಿಂದು ಮ್ಯಾನೇಜರು ಕಣ್ಣು ಮುಚ್ಚಿದರು.

"ಇದರಲ್ಲಿ ಕಿತ್ತಳೆ ಇಲ್ಲ."

"ಇಲ್ಲ ಸಾರ್."

"ನಿಂಬೆಯೂ ಇಲ್ಲ, ಸೊಪ್ಪೂ ಇಲ್ಲ."

"ಇಲ್ಲ ಸಾರ್," ಎನ್ನುವಾಗ ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಬದುಕಿಸಿದಿರಿ ಕಣ್ರೀ. ನನಗೆ ಹುಳಿ ಆಗಲ್ಲ, ಎದೆ ಉರಿ. ಪ್ರತಿ ಸೋಮವಾರ ದಾಕ್ಷಿಣ್ಯಕ್ಕೆ ತಿಂದು ಮಾತ್ರೆ ನುಂಗ್ತಿದ್ದೆ. ಎಲ್ಲರೆದುರು ಹೇಗೆ ಹೇಳೋದು ಅಂತಲೇ ಇವತ್ತು ಮನೆಗೆ ಬಂದಿದ್ದು. ನೀವು ಹೇಳದೇ ತಿಳ್ಕೊಂಡ್ರಿ. ಇಂಥವರೇ ಆ ಕುರ್ಚೀಲಿ ಇರಬೇಕು."

ಅಲ್ಪವಿರಾಮನ ಎಡಗಣ್ಣು ಆಗ ತೆರೆಯಿತು. ಮ್ಯಾನೇಜರು ಎರಡನೆಯ ಕಾಲನ್ನೂ ಮುಗಿಸಿ ಕೇಳಿದರು, "ಹೇಗೆ ಮಾಡಿದ್ರಿ? ನಮ್ಮ ಮನೆಯವರಿಗೂ ಹೇಳ್ತೀನಿ."

ಅವನು ಬಾಯಿ ತೆರೆಯುವ ಮೊದಲೇ ಟೀಚರಮ್ಮ, "ಅವನನ್ನ ಯಾಕೆ ಕೇಳ್ತೀರಿ, ಚೀಟಿ ಅವನ ಜೇಬಲ್ಲೇ ಇದೆ," ಎಂದು ತಾವೇ ತೆಗೆದುಕೊಟ್ಟರು.

ಮ್ಯಾನೇಜರು ಓದಿದರು. ಅವರ ನೋಟ ಕೆಂಪು ಚುಕ್ಕೆಯ ಮೇಲೆ ಬಹಳ ಹೊತ್ತು ನಿಂತಿತು.

"ಅಕ್ಷರ ನಿಮ್ಮ ಹೆಂಡತೀದು. ಚುಕ್ಕೆ ನಿಮ್ಮದು. ಹಣ್ಣು?"

"ತಿಂದೆ ಸಾರ್," ಎಂದ ಅಲ್ಪವಿರಾಮ.

"ಒಂದು ನಾನು," ಎಂದು ಟೇಲರು ಸೇರಿಸಿದ.

"ಅಡುಗೆ ಯಾರು ಮಾಡ್ತಾರೆ ಅನ್ನೋದು ಮನೆ ವಿಷಯ, ಅದನ್ನ ಬಿಡ್ತೀನಿ. ಚುಕ್ಕೆ ಮಾತ್ರ ಆಫೀಸಿನ ವಿಷಯ. ಇಂಥದ್ದೊಂದು ಔಷಧಿ ಪುಸ್ತಕದಲ್ಲಿ ಬಿದ್ರೆ ಎಷ್ಟು ಜನ ಏನೇನು ತಿಂತಾರೋ."

"ಒಂದು ಸಲ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಸಾರ್."

"ಹಾಕ್ಕೊಂಡೆನಲ್ಲ," ಎಂದು ಮ್ಯಾನೇಜರು ತಟ್ಟೆಯಲ್ಲಿದ್ದ ಮೂಳೆಗಳನ್ನು ತೋರಿಸಿದರು. "ಬಹಳ ಚೆನ್ನಾಗಿತ್ತು. ಇನ್ಮೇಲೆ ಸೋಮವಾರದ ಡಬ್ಬಿ ಹೀಗೇ ಇರಲಿ, ನೀವೇ ಮಾಡಿ ತನ್ನಿ. ಕುರ್ಚಿ ಮಾತ್ರ ಪೂರ್ಣವಿರಾಮನಿಗೆ." ಅವರು ಕೈ ತೊಳೆದು ಹೊರಟರು. ಟೇಲರು ಪೇಪರು ತೆಗೆದುಕೊಂಡು ಹೋದ.

ಸಂಜೆ ಹೆಂಡತಿ ಬಂದು ಓವನ್ನಿನ ಬಾಗಿಲು ತೆರೆದು ನೋಡಿದಳು. ಕಸದ ಬುಟ್ಟಿಯನ್ನೂ ನೋಡಿದಳು. ಗಂಡ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ.

"ನಾನು ಬರೆದ ಹಾಗೇ ಮಾಡಿದ್ರಾ? ಹಣ್ಣು ಹೊಟ್ಟೆಗೆ ಹಾಕಿದ್ರಿ ತಾನೆ?"

"ಹಾಕಿದೆ."

"ಸಿಪ್ಪೆ ಸಮೇತ?"

ಆ ದಿನ ಅವನಿಗೆ ಇನ್ನೊಂದು ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.

"ಸಿಪ್ಪೆ ಸಮೇತ," ಎಂದ.