ಬಲದಿಂದ ಮೂರನೆಯ ದನಿ

೨೦೦೭ರ ಮಾರ್ಚ್ ೧೧, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಡೆಸಿಬೆಲ್ಲಪ್ಪ ಅಡುಗೆಮನೆಗೆ ಹೋಗಿ, ಹೆಂಡತಿ ತರಕಾರಿ ಹೆಚ್ಚುವ ಮಣೆಯನ್ನು ಗೋಡೆಯ ಮೊಳೆಯಿಂದ ಇಳಿಸಿ, ಅದರ ಅಗಲವನ್ನು ಎರಡು ಸಲ ಅಳೆದು, ಕಂಕುಳಲ್ಲಿಟ್ಟುಕೊಂಡು ಹೊರಬಂದ. ಹೆಂಡತಿ ಆಗಷ್ಟೇ ಅಕ್ಕನ ಮನೆಗೆ ಹೊರಟಿದ್ದಳು. ಅವಳ ಬಸ್ಸು ತಿರುವು ದಾಟಿದ್ದನ್ನು ಅವನು ಕಿಟಕಿಯಲ್ಲಿ ನಿಂತು ಖಚಿತಪಡಿಸಿಕೊಂಡಿದ್ದ.

ಕಾರ್ಖಾನೆಗಳಿಗೆ ಹೋಗಿ ಯಂತ್ರಗಳ ಗದ್ದಲವನ್ನು ಅಳೆದು ವರದಿ ಬರೆಯುವುದು ಅವನ ನೌಕರಿ. ಆಫೀಸಿನವರು ಇಟ್ಟ ಅಡ್ಡಹೆಸರು ಮನೆಯವರೆಗೂ ಬಂದು ಬಾಡಿಗೆಯಿಲ್ಲದೆ ನೆಲೆಸಿತ್ತು. ಮೂವತ್ತು ಯಂತ್ರಗಳು ಒಟ್ಟಿಗೆ ಅರಚುತ್ತಿದ್ದರೂ ಸವೆದ ಬೇರಿಂಗು ಯಾವುದರದ್ದೆಂದು ಕಣ್ಣುಮುಚ್ಚಿ ಹೇಳುತ್ತೇನೆ ಎನ್ನುವುದು ಅವನ ಹೆಮ್ಮೆ. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಇಪ್ಪತ್ತು ವರ್ಷಗಳ ಹಿಂದೆ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ನಲವತ್ತು ಹುಡುಗಿಯರು ಒಟ್ಟಿಗೆ ಹಾಡುತ್ತಿದ್ದಾಗ, ನಾಲ್ಕನೆಯ ಸಾಲಿನಲ್ಲಿ ಕೂತಿದ್ದ ಇವನಿಗೆ ಒಂದೇ ಒಂದು ದನಿ ಕೇಳಿಸಿತಂತೆ. ಆ ದನಿಯ ಜಾಡು ಹಿಡಿದು ಹೋಗಿ ಮಾತಾಡಿಸಿ, ಎರಡು ವರ್ಷದ ಮೇಲೆ ಮದುವೆಯಾದನಂತೆ. ಮನೆಗೆ ಯಾರೇ ಬರಲಿ, ನೀರಿನ ಲೋಟ ಕೆಳಗಿಡುವ ಮೊದಲೇ ಈ ಕತೆ ಶುರುವಾಗುತ್ತಿತ್ತು.

ತೊಂದರೆ ತಂದದ್ದು ಅಂಚೆಯಲ್ಲಿ ಬಂದ ಒಂದು ಸಿ.ಡಿ. ಕಾಲೇಜಿನವರು ಹಳೆಯ ಟೇಪನ್ನು ಹುಡುಕಿ ತೆಗೆದು, ಅಂದಿನ ಹಾಡನ್ನು ಸಿ.ಡಿ. ಮಾಡಿಸಿ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಕಳಿಸಿದ್ದರು. ಕವರಿನ ಮೇಲೆ ಫೋಟೋ: ಎರಡು ಸಾಲು ಎರಡೆರಡು ಜಡೆ. ಹಿಂದಿನ ಸಾಲಿನಲ್ಲಿ ಬಲದಿಂದ ಮೂರನೆಯವಳು ಹೆಂಡತಿ. ಕಂಪ್ಯೂಟರಿನ ಅಂಗೈಯಗಲದ ಸ್ಪೀಕರಿನಲ್ಲಿ ಹಾಕಿದರೆ ನಲವತ್ತು ಜನರೂ ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೇನುನೊಣಗಳಂತೆ ಗುಂಯ್ ಎಂದರು.

ಅಲ್ಲೇ ಕೂತಿದ್ದ ಹೆಂಡತಿಯ ತಮ್ಮ ನಕ್ಕ. "ಇದರಲ್ಲಿ ಅಕ್ಕನ ದನಿ ಯಾವುದು ಭಾವ? ಅವತ್ತು ಕೇಳಿಸಿತ್ತಲ್ಲ, ಇವತ್ತು ಬೆರಳಿಟ್ಟು ತೋರಿಸಿ ನೋಡೋಣ."

"ಒಳ್ಳೇ ಸಿಸ್ಟಮ್ ಇದ್ರೆ ತೋರಿಸ್ತೀನಿ."

"ಮಾಡ್ಕೊಳ್ಳಿ ಮತ್ತೆ. ತೋರಿಸೋಕೆ ಆಗದಿದ್ರೆ ಇನ್ನುಮೇಲೆ ಆ ಕತೆ ಹೇಳೋ ಹಾಗಿಲ್ಲ. ಹದಿನೆಂಟು ವರ್ಷ ಕೇಳಿದ್ದೀನಿ, ನನಗೂ ಸುಸ್ತಾಗಿದೆ."

"ಆಯ್ತು. ಮುಂದಿನ ಭಾನುವಾರ ಸಂಜೆ ಆರು ಗಂಟೆ."

"ಹಾಡು ಹಾಗೇ ಚೆನ್ನಾಗಿದೆಯಲ್ಲ ರೀ, ಯಾಕೆ ಕೆದಕ್ತೀರಿ?" ಎಂದಳು ಹೆಂಡತಿ. ದುಡ್ಡು ಉಳಿಸಲು ಹಾಗೆನ್ನುತ್ತಾಳೆ ಎಂದುಕೊಂಡ ಡೆಸಿಬೆಲ್ಲಪ್ಪ, ಹೊಸ ಸೋಫಾದ ಆಸೆಯನ್ನು ಬದಿಗಿಟ್ಟು ಅದರ ಹಣದಲ್ಲೇ ಎಲ್ಲ ಮುಗಿಸುವುದಾಗಿ ಮಾತು ಕೊಟ್ಟ.

ಹಾಗೆ ಮುಗಿಸಲು ಕಷ್ಟವೇನೂ ಆಗಲಿಲ್ಲ. ಸಿ.ಡಿ. ಪ್ಲೇಯರು ಸಹೋದ್ಯೋಗಿಯೊಬ್ಬ ಬಳಸಿ ಬಿಟ್ಟದ್ದು. ತಟ್ಟೆ ಹೊರಬರಲು ನೆತ್ತಿಯ ಮೇಲೊಂದು ಪೆಟ್ಟು ಬೇಕು, ಅಷ್ಟೆ. ಆಂಪ್ಲಿಫೈಯರು ರಿಪೇರಿಯವನು ನಾಲ್ಕು ಸತ್ತ ಪೆಟ್ಟಿಗೆಗಳಿಂದ ಹುಟ್ಟಿಸಿಕೊಟ್ಟದ್ದು. ಸ್ಪೀಕರುಗಳನ್ನು ಬಿಡಿಯಾಗಿ ಕೊಂಡು, ಪೆಟ್ಟಿಗೆಗಳನ್ನು ಬಡಗಿಯಿಂದ ಮಾಡಿಸಿದ. ಬಡಗಿ ಶನಿವಾರ ತಂದಿಟ್ಟ ಪೆಟ್ಟಿಗೆಗಳೊಳಗೆ ಎರಡೆರಡು ಅಡ್ಡ ಹಲಗೆಗಳಿದ್ದವು.

"ಇದೇನಪ್ಪ?"

"ಖಾಲಿ ಪೆಟ್ಟಿಗೆ ಯಾರಾದ್ರೂ ಮಾಡಿಸ್ತಾರಾ ಸಾರ್? ಕೈಯೇ ಓಡಲಿಲ್ಲ. ಅರೆ ಹಾಕಿದ್ದೀನಿ, ನಾಳೆ ಹಾಡು ಬೇಡ ಅನ್ನಿಸಿದ್ರೆ ಲೋಟಗೀಟ ಇಟ್ಕೋಬಹುದು."

ಪೆಟ್ಟಿಗೆ ನಡುಗದಿರಲು ಅಡ್ಡ ಹಲಗೆ ಒಳ್ಳೆಯದೇ ಎಂದು ಡೆಸಿಬೆಲ್ಲಪ್ಪ ಸಮಾಧಾನಪಟ್ಟುಕೊಂಡ. ಆದರೆ ಭಾನುವಾರ ಬೆಳಿಗ್ಗೆ ಸ್ಪೀಕರು ಕೂರಿಸಹೋದರೆ ಅದು ತೂತಿನೊಳಗೆ ಬಾವಿಗೆ ಬಿದ್ದ ಬಿಂದಿಗೆಯಂತೆ ಇಳಿದುಹೋಯಿತು. ಬಡಗಿ ಒಳಗಿನ ಅಳತೆ ಬಿಟ್ಟು ಹೊರ ಅಂಚಿನ ಅಳತೆಗೇ ಕೊರೆದಿದ್ದ. ಈಗ ತೂತು ಕಿರಿದಾಗಿಸಲು ಹಲಗೆಯ ಎರಡು ಬಳೆಗಳು ಬೇಕು. ಒಂದು ಬಳೆ ಹೆಂಡತಿಯ ಮಣೆಯಿಂದ ಹುಟ್ಟಿತು. ಇನ್ನೊಂದಕ್ಕೆ ಕೆಳಗಿನ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರು ತಮ್ಮ ಹಳೆಯ ಚದುರಂಗದ ಹಲಗೆ ಕೊಟ್ಟರು. ಹಲಗೆಯ ಜೊತೆ ತಾವೂ ಬಂದರು.

"ನಾನು ಒಂದು ಸುತ್ತು ನೋಡದೆ ಮೂವತ್ತನಾಲ್ಕು ವರ್ಷದಲ್ಲಿ ಒಂದು ಗಾಡಿಯೂ ಹೊರಟಿಲ್ಲ," ಎಂದು ಅವರು ಪೆಟ್ಟಿಗೆಗಳ ಹಿಂದೆ ಮೊಣಕಾಲೂರಿದರು. "ನೀವು ನಿಮ್ಮ ಕೆಲಸ ಮಾಡಿ, ನಾನಿದ್ದೀನಿ."

ಮಧ್ಯಾಹ್ನ ಎರಡಕ್ಕೆ ಭಾವಮೈದುನನೂ ಹಾಜರಾದ. ಅವನದು ಮೋಟಾರು ರಿಪೇರಿ ಅಂಗಡಿ. ಅದೇ ಹೊತ್ತಿಗೆ ಫೋನು ರಿಂಗಾಯಿತು. ಎರಡು ತಿಂಗಳ ಹಿಂದೆ ವರ್ಗವಾಗಿ ಬಂದಿದ್ದ ಮೇಲಧಿಕಾರಿ ಮೇಡಂ. ಅವರ ದನಿ ಕೇಳಿದರೆ ಕಪಾಟಿನೊಳಗಿನ ಕಡತಗಳೂ ನೆಟ್ಟಗೆ ನಿಲ್ಲುತ್ತವೆ ಎಂದು ಆಫೀಸಿನಲ್ಲಿ ಮಾತಿತ್ತು.

"ಇಲಾಖೆಯ ಶಬ್ದಮಾಪಕ ಬೀರುವಿನಲ್ಲಿ ಇಲ್ಲ. ಎಲ್ಲಿದೆ?"

ಅದು ಡೆಸಿಬೆಲ್ಲಪ್ಪನ ಊಟದ ಮೇಜಿನ ಮೇಲೆ ಇತ್ತು. "ಅದು... ಪರೀಕ್ಷೆಗೆ ಒಯ್ದಿದ್ದೆ ಮೇಡಂ."

"ಭಾನುವಾರ ಯಾವ ಕಾರ್ಖಾನೆ?"

ಹಿಂದೆ ಗಾರ್ಡ್ ಸಾಹೇಬರು ಸುತ್ತಿಗೆಯಿಂದ ಏನನ್ನೋ ಬಡಿದರು. "ಸಣ್ಣದು ಮೇಡಂ. ಮನೆಯಲ್ಲೇ ನಡೆಸ್ತಾರೆ."

"ವಿಳಾಸ ಹೇಳಿ. ಸಂಜೆ ಆ ಕಡೆ ಬರ್ತೀನಿ, ನಾನೇ ತಗೊಂಡು ಹೋಗ್ತೀನಿ."

ಗಾಬರಿಯಲ್ಲಿ ನೆನಪಿಗೆ ಬಂದದ್ದು ಒಂದೇ ವಿಳಾಸ, ತನ್ನದು. ಹೇಳಿಬಿಟ್ಟ.

ನಾಲ್ಕು ಗಂಟೆಗೆ ಮೊದಲ ಸಲ ಹಾಡು ಹಾಕಿದರು. ದನಿಗಳು ಗೋಡೆಯಿಂದ, ಸೂರಿನಿಂದ, ಪಕ್ಕದ ಕೋಣೆಯಿಂದ ಬಂದವು. ಪೆಟ್ಟಿಗೆಗಳ ನಡುವೆ ಮಾತ್ರ ಯಾರೂ ಇರಲಿಲ್ಲ. ಡೆಸಿಬೆಲ್ಲಪ್ಪನಿಗೆ ರೋಗ ತಕ್ಷಣ ತಿಳಿಯಿತು. ಎರಡರಲ್ಲಿ ಒಂದರ ವೈರುಗಳು ಅದಲುಬದಲಾಗಿವೆ. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಬಲದ ಪೆಟ್ಟಿಗೆಯ ವೈರುಗಳನ್ನು ತಿರುಗಿಸಿ ಜೋಡಿಸಿ, ಕೈ ತೊಳೆದು ಬಂದು ಹಾಡು ಹಾಕಿದ. ಏನೂ ಬದಲಾಗಿರಲಿಲ್ಲ.

ಮತ್ತೆ ತಿರುಗಿಸಿದ. ಮತ್ತೆ ಹಾಗೇ. ಭೌತಶಾಸ್ತ್ರದ ಮೇಲಿನ ನಂಬಿಕೆಯೇ ಅಲುಗಾಡುವ ಹೊತ್ತಿಗೆ ಭಾವಮೈದುನ ಎಡ ಪೆಟ್ಟಿಗೆಯ ಹಿಂದಿನಿಂದ ಎದ್ದದ್ದು ಕಂಡಿತು.

"ನೀನು ಅಲ್ಲೇನು ಮಾಡ್ತಿದ್ದೀಯ?"

"ವೈರ್ ಅದಲುಬದಲು ಮಾಡ್ದೆ ಭಾವ. ಮೋಟಾರ್ ಉಲ್ಟಾ ತಿರುಗಿದ್ರೆ ನಾವು ಅದನ್ನೇ ಮಾಡೋದು. ಎರಡು ವೈರ್ ಬದಲಾಯಿಸು, ನೆಟ್ಟಗೆ ತಿರುಗುತ್ತೆ."

"ಎಷ್ಟು ಸಲ ಮಾಡ್ದೆ?"

"ನೀವು ಹಾಡು ನಿಲ್ಲಿಸಿದಾಗಲೆಲ್ಲ."

ಒಬ್ಬನೇ ತಿದ್ದಿದ್ದರೆ ಸರಿಯಾಗುತ್ತಿತ್ತು. ಇಬ್ಬರು ತಿದ್ದಿದ್ದರಿಂದ ತಪ್ಪು ತನ್ನ ಜಾಗಕ್ಕೆ ಸುಖವಾಗಿ ಮರಳುತ್ತಿತ್ತು. ಭಾವಮೈದುನನನ್ನು ಕುರ್ಚಿಯಲ್ಲಿ ಕೂರಿಸಿ ಇನ್ನೊಮ್ಮೆ ತಿರುಗಿಸಿದ. ಆಗಲೂ ಹಾಗೇ ಇತ್ತು. ಗಾರ್ಡ್ ಸಾಹೇಬರು ಕೆಮ್ಮಿದರು. "ಗಾಡಿ ಹೊರಡೋ ಮುಂಚೆ ಅಂತ ನಾನೂ ಒಂದು ಸಲ ಸರಿಮಾಡಿದೆ."

ಡೆಸಿಬೆಲ್ಲಪ್ಪ ಇಬ್ಬರನ್ನೂ ಬಾಗಿಲ ಹತ್ತಿರ ನಿಲ್ಲಿಸಿ, ಗಡಿಯಾರದಿಂದ ಬ್ಯಾಟರಿ ಕಿತ್ತು, ಒಂದೊಂದು ಸ್ಪೀಕರಿನ ವೈರಿಗೆ ಮುಟ್ಟಿಸಿ ನೋಡಿದ. ಕಾಗದದ ಶಂಕು ಮುಂದೆ ಉಬ್ಬಿದಾಗ ಬ್ಯಾಟರಿಯ ಪ್ಲಸ್ ತುದಿಗೆ ತಾಗಿದ್ದ ವೈರಿಗೆ ಕೆಂಪು ದಾರ ಕಟ್ಟಿದ. ಕೆಂಪಿಗೆ ಕೆಂಪು ಜೋಡಿಸಿದ. ಗಾರ್ಡ್ ಸಾಹೇಬರು ಜೇಬಿನಿಂದ ಹಸಿರು ಕರವಸ್ತ್ರ ತೆಗೆದು ಬೀಸಿದರು.

ಆರು ಗಂಟೆಗೆ ಹತ್ತು ನಿಮಿಷ ಇರುವಾಗ ನಲವತ್ತು ಹುಡುಗಿಯರು ಆ ಪುಟ್ಟ ಕೋಣೆಗೆ ಬಂದು ಎರಡು ಸಾಲಿನಲ್ಲಿ ನಿಂತರು. ಮೊದಲ ಸಾಲು ಮೇಜಿನ ಹತ್ತಿರ, ಎರಡನೆಯದು ಗೋಡೆಯ ಆಚೆ. ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಭಾವಮೈದುನ ಬಾಯಿ ತೆರೆದವನು ಮುಚ್ಚಲು ಮರೆತ. ಹಿಂದಿನ ಸಾಲಿನ ಬಲತುದಿಯಲ್ಲಿ ಒಂದು ದನಿ ಉಳಿದೆಲ್ಲವನ್ನೂ ಹಗುರಾಗಿ ಎತ್ತಿ ಹಿಡಿದಿತ್ತು. ಡೆಸಿಬೆಲ್ಲಪ್ಪನ ಕಣ್ಣು ಒದ್ದೆಯಾಯಿತು.

"ಇದೇ," ಎಂದು ಗೋಡೆಯತ್ತ ಬೆರಳು ಚಾಚಿದ. "ಅವತ್ತು ಕೇಳಿಸಿದ್ದು ಇದೇ."

"ಸೋತೆ ಭಾವ," ಎಂದ ಭಾವಮೈದುನ. "ನಿಜವಾಗ್ಲೂ ಬೇರೆಯಾಗಿ ಕೇಳಿಸುತ್ತೆ. ಕತೆ ಹೇಳ್ಕೊಳ್ಳಿ, ಸಾಯೋವರೆಗೂ ಹೇಳ್ಕೊಳ್ಳಿ."

ಆ ದನಿ ಮೇಲಿನ ಸ್ವರಕ್ಕೆ ಏರಿತು. ಏರಿದ್ದು ಎರಡು ಕಡೆಯಿಂದ. ಒಂದು ಗೋಡೆಯಿಂದ, ಇನ್ನೊಂದು ತೆರೆದ ಬಾಗಿಲಿಂದ.

ಬಾಗಿಲಲ್ಲಿ ಮೇಡಂ ನಿಂತಿದ್ದರು. ಕೈಚೀಲ ಎದೆಗೊತ್ತಿಕೊಂಡು, ಕಣ್ಣುಮುಚ್ಚಿ, ಹಾಡಿನ ಜೊತೆ ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಕಣ್ಣು ತೆರೆದು, ಆಫೀಸಿನ ಮುಖವನ್ನು ಹುಡುಕಿ ಹಾಕಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಈ ಸಿ.ಡಿ. ನನಗೂ ಬಂದಿದೆ. ಹಾಕಿ ಕೇಳೋಕೆ ಏನೂ ಇರಲಿಲ್ಲ," ಎಂದರು. ಪ್ಲೇಯರಿನ ಮೇಲಿದ್ದ ಸಿ.ಡಿ. ಕವರು ಎತ್ತಿ, ಫೋಟೋದ ಹಿಂದಿನ ಸಾಲಿನಲ್ಲಿ ಬಲದಿಂದ ಎರಡನೆಯವಳ ಮೇಲೆ ಬೆರಳಿಟ್ಟರು. "ಇದು ನಾನು."

ಅಷ್ಟರಲ್ಲಿ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಮೇಡಂ ಮುಖ ನೋಡಿದಳು. "ಅಯ್ಯೋ, ನೀನಾ? ಇವರು ದಿನಾ ಬೈಕೊಳ್ಳೋ ಮೇಡಂ ನೀನಾ?"

ಇಬ್ಬರೂ ಕೈ ಹಿಡಿದುಕೊಂಡರು. ಡೆಸಿಬೆಲ್ಲಪ್ಪ ಮಾತ್ರ ಬೆರಳನ್ನು ಗೋಡೆಯಿಂದ ಇಳಿಸಿರಲಿಲ್ಲ.

"ಹಾಗಾದ್ರೆ ನಿನ್ನ ದನಿ ಎಲ್ಲಿ?" ಎಂದ.

ಹೆಂಡತಿ ಸೆರಗಿನ ತುದಿ ಸುತ್ತಿದಳು. "ಹಿಂದಿನ ದಿನ ಟೀಚರ್ ಕರೆದು, ನಿನ್ನ ಸ್ವರ ಅರ್ಧ ಮೆಟ್ಟಿಲು ಕೆಳಗೇ ಇರುತ್ತೆ, ಸಾಲು ತುಂಬೋಕೆ ನಿಂತ್ಕೋ, ಬಾಯಿ ಮಾತ್ರ ಆಡಿಸು ಅಂದ್ರು. ಹಾಗೇ ಮಾಡ್ದೆ."

"ಹದಿನೆಂಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಲ್ಲ ರೀ. ನಡುವೆ ಬಾಯಿ ಹಾಕೋಕೆ ಮನಸ್ಸಾಗಲಿಲ್ಲ." ಫೋಟೋ ನೋಡುತ್ತ ಸೇರಿಸಿದಳು, "ಕಿವಿ ಒಂದು ಜಾಗ ಆಚೆ ಹೋಗಿತ್ತು, ಅಷ್ಟೇ. ಕಣ್ಣು ಸರಿಯಾಗೇ ಇತ್ತಲ್ಲ."

ಭಾವಮೈದುನ ಸಂತೋಷದಿಂದ ಕೈ ಉಜ್ಜಿಕೊಂಡ. "ಭಾವ, ಕತೆ ನಿಲ್ಲಿಸೋದು ಬೇಡ. ಇನ್ನುಮೇಲೆ ನಾನು ಹೇಳ್ತೀನಿ."

ಮೇಡಂ ಹೊರಡುವಾಗ ಶಬ್ದಮಾಪಕ ಒಯ್ಯಲಿಲ್ಲ. "ನಾಳೆ ಒಂಬತ್ತಕ್ಕೆ ನನ್ನ ಮೇಜಿನ ಮೇಲಿರಲಿ. ಮುಂದಿನ ಭಾನುವಾರ ನಮ್ಮನೆಗೆ ಬನ್ನಿ, ಇಂಥದ್ದೇ ಒಂದು ಆಗ್ಬೇಕು. ಇಷ್ಟೇ ಖರ್ಚಿನಲ್ಲಿ." ಗಾರ್ಡ್ ಸಾಹೇಬರು ತಾವೂ ಬರುವುದಾಗಿ ಹೇಳಿದರು.

ಎಲ್ಲರೂ ಹೋದ ಮೇಲೆ ಡೆಸಿಬೆಲ್ಲಪ್ಪ ಪೆಟ್ಟಿಗೆಗಳ ಮುಂದೆ ಕೂತ. ಸೋಫಾ ಇಲ್ಲ, ಕತೆಯೂ ಇಲ್ಲ, ಮುಂದಿನ ಭಾನುವಾರವೂ ಇಲ್ಲ. ಅಡುಗೆಮನೆಯಲ್ಲಿ ಹೆಂಡತಿ ಮಣೆ ಹುಡುಕಿದಳು, ಬಂದು ಎಡ ಸ್ಪೀಕರಿನ ಸುತ್ತ ಅದನ್ನು ಗುರುತಿಸಿದಳು, ಹಿಂತಿರುಗಿ ತಟ್ಟೆಯೊಂದನ್ನು ಮಗುಚಿ ಅದರ ಮೇಲೇ ಹೆಚ್ಚತೊಡಗಿದಳು. ಹೆಚ್ಚುತ್ತ ಅದೇ ಹಾಡನ್ನು ಗುನುಗಿದಳು, ಅರ್ಧ ಮೆಟ್ಟಿಲು ಕೆಳಗೆ.

ಅವನು ಆಂಪ್ಲಿಫೈಯರು ಆರಿಸಿದ. ಫ್ಯಾನೂ ನಿಲ್ಲಿಸಿದ. ಇಲಾಖೆಯ ಮಾಪಕ ಹಿಡಿದು ಸದ್ದಾಗದಂತೆ ಅಡುಗೆಮನೆಯ ಬಾಗಿಲಿಗೆ ಬಂದು, ಅದನ್ನು ಅವಳ ಗುನುಗಿನತ್ತ ಚಾಚಿ ನಿಂತ. ದೂರ ಮೂರು ಮೀಟರ್. ನಲವತ್ತಮೂರು ಡೆಸಿಬೆಲ್.